ತುಕ್ಕು ಹಿಡಿದ ಪಿಲ್ಲರಿಗೆ ಕಾರ್ಬನ್ ಬಟ್ಟೆ ಸುತ್ತಿದರೆ ಏನಾಗುತ್ತದೆ?

ಕರಾವಳಿಯಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಹಳೆ ಫ್ಲ್ಯಾಟುಗಳ ಸಂಘದ ಸಭೆಗಳಲ್ಲಿ ಒಂದು ವಿಷಯ ಬಂದೇ ಬರುತ್ತದೆ. ಕೆಳಗಿನ ಪಾರ್ಕಿಂಗ್ ಜಾಗದ ಪಿಲ್ಲರುಗಳಲ್ಲಿ ಉದ್ದುದ್ದ ಬಿರುಕು ಬಿಟ್ಟಿದೆ, ಗಾರೆ ಉದುರಿ ಕೆಂಪಗೆ ತುಕ್ಕು ಹಿಡಿದ ಕಂಬಿ ಕಾಣುತ್ತಿದೆ, ಏನು ಮಾಡೋಣ? 2024ರ ಆಗಸ್ಟ್‌ನಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದ ಮೇಲಂತೂ ಹಳೆ ಕಾಂಕ್ರೀಟನ್ನು ಜನ ನೋಡುವ ರೀತಿಯೇ ಬದಲಾಗಿದೆ.

ರಿಪೇರಿಯವರನ್ನು ಕರೆಸಿದರೆ ಅವರು ಕೊಡುವ ಕೊಟೇಶನ್ನಿನಲ್ಲಿ ‘ಕಾರ್ಬನ್ ರ‍್ಯಾಪಿಂಗ್’ ಅಥವಾ ‘ಎಫ್ಆರ್‌ಪಿ’ ಅಂತ ಒಂದು ಸಾಲು ಇರುತ್ತದೆ. ದುಡ್ಡು ಜಾಸ್ತಿ. ಕೆಲಸ ನೋಡಿದರೆ ಪಿಲ್ಲರಿಗೆ ಕಪ್ಪು ಬಟ್ಟೆ ಅಂಟಿಸಿದ ಹಾಗಿರುತ್ತದೆ. ಒಂದು ಮಿಲಿಮೀಟರೂ ದಪ್ಪ ಇಲ್ಲದ ಬಟ್ಟೆ ನಾಲ್ಕು ಮಹಡಿಯ ಭಾರ ಹೊರುವ ಕಂಬಕ್ಕೆ ಹೇಗೆ ಬಲ ಕೊಡುತ್ತದೆ? ಒಳಗಿನ ತುಕ್ಕು ಎಲ್ಲಿ ಹೋಗುತ್ತದೆ? ಈ ಎರಡು ಪ್ರಶ್ನೆಗಳು ಬೇರೆ ಬೇರೆ. ಇವುಗಳನ್ನು ಒಂದೇ ಅಂತ ತಿಳಿದುಕೊಂಡಾಗಲೇ ಹಣ ದಂಡವಾಗುವುದು, ಕೆಲವೊಮ್ಮೆ ಅಪಾಯವೂ ಆಗುವುದು.

## ಪಿಲ್ಲರಿನ ಒಳಗೆ ಏನಿರುತ್ತದೆ

ಸಿಮೆಂಟು, ಮರಳು, ಜಲ್ಲಿ, ನೀರು ಸೇರಿ ಗಟ್ಟಿಯಾದದ್ದು ಕಾಂಕ್ರೀಟು. ಅದುಮಿದರೆ ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಎಳೆದರೆ ತಡೆಯುವುದಿಲ್ಲ. ಅದರ ಎಳೆತದ ಬಲ ಒತ್ತಡದ ಬಲದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಅದಕ್ಕೇ ಒಳಗೆ ಕಬ್ಬಿಣ ಇಡುತ್ತಾರೆ.

ಪಿಲ್ಲರಿನಲ್ಲಿ ಕಬ್ಬಿಣ ಎರಡು ರೀತಿ ಇರುತ್ತದೆ. ನೆಟ್ಟಗೆ ನಿಂತ ದಪ್ಪ ಕಂಬಿಗಳು ಒಂದು. ಅವುಗಳನ್ನು ಸುತ್ತುವರಿದು ಅಡ್ಡಡ್ಡ ಕಟ್ಟಿದ ತೆಳು ಕಂಬಿಗಳು ಇನ್ನೊಂದು. ಕೆಲಸದವರು ಇವನ್ನು ‘ರಿಂಗ್’ ಅನ್ನುತ್ತಾರೆ. ನೆಟ್ಟ ಕಂಬಿಗಳು ಕಾಂಕ್ರೀಟಿನ ಜೊತೆ ಭಾರ ಹಂಚಿಕೊಳ್ಳುತ್ತವೆ, ಪಿಲ್ಲರು ಬಾಗದ ಹಾಗೆ ತಡೆಯುತ್ತವೆ. ರಿಂಗುಗಳಿಗೆ ಎರಡು ಕೆಲಸ. ನೆಟ್ಟ ಕಂಬಿಗಳು ಭಾರಕ್ಕೆ ಹೊರಕ್ಕೆ ಬಾಗದಂತೆ ಹಿಡಿಯುವುದು, ಮತ್ತು ನಡುವಿನ ಕಾಂಕ್ರೀಟು ಪಕ್ಕಕ್ಕೆ ಉಬ್ಬದಂತೆ ಹಿಡಿಯುವುದು. ಮನೆ ಕಟ್ಟುವಾಗ ರಿಂಗಿನ ಲೆಕ್ಕದಲ್ಲಿ ಉಳಿತಾಯ ಮಾಡಲು ಹೋಗುವವರು ಇದನ್ನು ನೆನಪಿಡಬೇಕು. ಪಿಲ್ಲರು ಕೊನೆಗಳಿಗೆಯವರೆಗೂ ನಿಲ್ಲುತ್ತದೋ ಇಲ್ಲವೋ ಅನ್ನುವುದು ಬಹುಪಾಲು ರಿಂಗಿನ ಮೇಲಿದೆ.

ಕಂಬಿಗೂ ಹೊರಗಿನ ಗಾಳಿಗೂ ನಡುವೆ ಇರುವ ಕಾಂಕ್ರೀಟಿನ ಪದರಕ್ಕೆ ‘ಕವರ್’ ಅಂತ ಹೆಸರು. ನಮ್ಮ ದೇಶದ ಕಾಂಕ್ರೀಟ್ ಕೆಲಸದ ನಿಯಮಾವಳಿಯಾದ ಐಎಸ್ 456 ಸಂಹಿತೆಯ ಪ್ರಕಾರ ಪಿಲ್ಲರಿನ ಮುಖ್ಯ ಕಂಬಿಗೆ ಸಾಮಾನ್ಯವಾಗಿ 40 ಮಿ.ಮೀ. ಕವರ್ ಬೇಕು. ಕರಾವಳಿಯಂಥ ಕಠಿಣ ವಾತಾವರಣಕ್ಕೆ 45 ಮಿ.ಮೀ. ಅಥವಾ ಇನ್ನೂ ಹೆಚ್ಚು. ಕಂಬಿಯನ್ನು ಅಚ್ಚಿನ ಹಲಗೆಯಿಂದ ದೂರ ಹಿಡಿಯುವ ಸಣ್ಣ ತುಂಡು, ಅಂದರೆ ಕವರ್ ಬ್ಲಾಕ್, ಇಡದೆ, ಕಂಬಿ ಒಂದು ಬದಿಗೆ ವಾಲಿದ ಹಾಗೆಯೇ ಕಾಂಕ್ರೀಟು ಸುರಿದರೆ ಆ ಬದಿಯಲ್ಲಿ 15 ಮಿ.ಮೀ. ಕೂಡ ಉಳಿಯುವುದಿಲ್ಲ. ತುಕ್ಕು ಮೊದಲು ಕಾಣುವುದು ಅಲ್ಲೇ.

## ಕಾಂಕ್ರೀಟಿನ ಒಳಗಿದ್ದೂ ಕಂಬಿ ತುಕ್ಕು ಹಿಡಿಯುವುದು ಯಾಕೆ

ಹೊಸ ಕಾಂಕ್ರೀಟು ತುಂಬಾ ಕ್ಷಾರ. ಅದರ ಪಿಎಚ್ 12.5ಕ್ಕಿಂತ ಹೆಚ್ಚು. ಅಂಥ ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕೂರುತ್ತದೆ. ಈ ಪೊರೆ ಇರುವವರೆಗೆ ತೇವ ಇದ್ದರೂ, ಗಾಳಿ ಇದ್ದರೂ ಕಂಬಿ ತುಕ್ಕು ಹಿಡಿಯುವುದಿಲ್ಲ. ಪೊರೆ ಹಾಳಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣ.

ಒಂದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್. ಅದು ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ಒಳಗೆ ಇಳಿದು ಕ್ಷಾರವನ್ನು ಕಡಿಮೆ ಮಾಡುತ್ತಾ ಹೋಗುತ್ತದೆ. ಪಿಎಚ್ 9ರ ಆಸುಪಾಸಿಗೆ ಇಳಿದರೆ ಪೊರೆ ಉಳಿಯುವುದಿಲ್ಲ. ಇದಕ್ಕೆ ಕಾರ್ಬೊನೇಶನ್ ಅನ್ನುತ್ತಾರೆ. ಬೆಂಗಳೂರು, ಹುಬ್ಬಳ್ಳಿಯಂಥ ಒಳನಾಡಿನ ಊರುಗಳಲ್ಲಿ ಇದೇ ಹೆಚ್ಚು.

ಇನ್ನೊಂದು ಉಪ್ಪು. ಕಡಲ ಗಾಳಿಯಿಂದ ಬರಬಹುದು, ಬೋರ್‌ವೆಲ್ಲಿನ ಉಪ್ಪುನೀರಿನಿಂದ ಬರಬಹುದು, ಅಳಿವೆಯ ಮರಳನ್ನು ತೊಳೆಯದೆ ಬಳಸಿದ್ದರೆ ಕಟ್ಟಿದ ದಿನದಿಂದಲೇ ಒಳಗೆ ಕೂತಿರಬಹುದು. ಉಪ್ಪಿನಲ್ಲಿರುವ ಕ್ಲೋರೈಡು ಕಾಂಕ್ರೀಟಿನ ಕ್ಷಾರ ಹಾಗೇ ಇದ್ದರೂ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಆ ಜಾಗದಲ್ಲಿ ಕಂಬಿಗೆ ಆಳವಾದ ಕುಳಿ ಬೀಳುತ್ತದೆ. ಹೊರಗಿನಿಂದ ಅಷ್ಟೇನೂ ಕಾಣದೆ ಒಳಗೆ ಕಂಬಿ ಅರ್ಧ ಸವೆದಿರಬಹುದು. ಉಪ್ಪಿನ ತುಕ್ಕು ಹೆಚ್ಚು ಅಪಾಯ ಅನ್ನುವುದು ಇದಕ್ಕೇ.

ಇಲ್ಲಿ ಒಂದು ಲೆಕ್ಕ ತಿಳಿದುಕೊಳ್ಳುವುದು ಒಳ್ಳೆಯದು. ಕಾರ್ಬೊನೇಶನ್ ಒಳಗಿಳಿಯುವ ಆಳ ಸಮಯದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಹತ್ತು ವರ್ಷಕ್ಕೆ 10 ಮಿ.ಮೀ. ಇಳಿದರೆ 20 ಮಿ.ಮೀ. ತಲುಪಲು ನಲವತ್ತು ವರ್ಷ ಬೇಕು. ಇದನ್ನೇ ತಿರುಗಿಸಿ ನೋಡಿ. ಕವರ್ ಅರ್ಧಕ್ಕೆ ಇಳಿದರೆ ಕಂಬಿಯ ರಕ್ಷಣೆಯ ಕಾಲ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅಕ್ಕಪಕ್ಕ ನಿಂತ ಎರಡು ಪಿಲ್ಲರುಗಳಲ್ಲಿ ಒಂದು ಚೆನ್ನಾಗಿದ್ದು ಇನ್ನೊಂದು ಸೀಳಿಹೋಗಿರುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಒಳಗಿನಿಂದ ಹೊರಕ್ಕೆ ಒತ್ತುತ್ತದೆ. ಕಾಂಕ್ರೀಟಿಗೆ ಎಳೆತ ತಡೆಯುವ ಬಲ ಇಲ್ಲವಲ್ಲ, ಕಂಬಿಯ ಉದ್ದಕ್ಕೂ ಸೀಳುತ್ತದೆ. ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಕಬ್ಬಿಣ ಸವೆದಾಗಲೇ ಮೊದಲ ಬಿರುಕು ಕಾಣಬಹುದು. ಅಂದರೆ ಬಿರುಕು ತಡವಾಗಿ ಬರುವ ಸೂಚನೆಯೇನಲ್ಲ. ಅದನ್ನು ಸಿಮೆಂಟು ಮೆತ್ತಿ, ಬಣ್ಣ ಹೊಡೆದು ಮುಚ್ಚಿದ ಮೇಲೆಯೇ ತಡವಾಗುವುದು. ಬಿರುಕಿನಿಂದ ನೀರು, ಗಾಳಿ, ಉಪ್ಪು ಇನ್ನೂ ಸಲೀಸಾಗಿ ಒಳಗೆ ಹೋಗುತ್ತವೆ. ಕೊನೆಗೆ ಕವರ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ.

ಎಲ್ಲಕ್ಕಿಂತ ಹೊರಗಿರುವ ಕಬ್ಬಿಣ ರಿಂಗು. ಮೊದಲು ತುಕ್ಕು ಹಿಡಿಯುವುದೂ ಅದೇ, ಅತಿ ತೆಳುವಾದದ್ದೂ ಅದೇ. 8 ಮಿ.ಮೀ. ರಿಂಗು ಸುತ್ತಲೂ ಒಂದೊಂದು ಮಿ.ಮೀ. ಸವೆದು 6 ಮಿ.ಮೀ. ಆದರೆ ಅದರ ಕಬ್ಬಿಣದಲ್ಲಿ ನೂರಕ್ಕೆ 44 ಪಾಲು ಹೋಯಿತು. ಅಷ್ಟೇ ತುಕ್ಕು 16 ಮಿ.ಮೀ. ಕಂಬಿಯಲ್ಲಿ ನೂರಕ್ಕೆ 23 ಪಾಲನ್ನು ತಿನ್ನುತ್ತದೆ. ತುಕ್ಕು ಹಿಡಿದ ಪಿಲ್ಲರು ಕಳೆದುಕೊಳ್ಳುವ ಮೊದಲ ಶಕ್ತಿ ಪಕ್ಕದಿಂದ ಹಿಡಿದಿಡುವ ಶಕ್ತಿ. ಕಾರ್ಬನ್ ಬಟ್ಟೆ ವಾಪಸ್ ಕೊಡುವುದೂ ಅದನ್ನೇ.

## ಸುತ್ತಿದರೆ ಬಲ ಬರುವುದು ಹೇಗೆ

ಕರಾವಳಿಯ ಹಿರಿಯರಿಗೆ ಅಕ್ಕಿ ಮುಡಿ ಗೊತ್ತು. ನೆಲದ ಮೇಲೆ ಅಕ್ಕಿ ಸುರಿದು ಮೇಲೆ ಭಾರ ಇಟ್ಟರೆ ಅಕ್ಕಿ ಸುತ್ತಲೂ ಹರಡಿ ಹೋಗುತ್ತದೆ. ಅದೇ ಅಕ್ಕಿಯನ್ನು ಬೈಹುಲ್ಲಿನೊಳಗೆ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಗುಂಡಗೆ ಮಾಡಿದರೆ ಕಲ್ಲಿನ ಹಾಗೆ ಗಟ್ಟಿ. ಒಂದರ ಮೇಲೊಂದು ಪೇರಿಸಿ ಇಡಬಹುದು. ಹುಲ್ಲಿನ ಹಗ್ಗ ಮೇಲಿನ ಭಾರವನ್ನು ಹೊರುವುದಿಲ್ಲ. ಭಾರ ಹೊರುವುದು ಅಕ್ಕಿಯೇ. ಹಗ್ಗ ಮಾಡುವುದು ಅಕ್ಕಿಗೆ ಪಕ್ಕಕ್ಕೆ ಹೋಗಲು ಜಾಗ ಕೊಡದಿರುವುದು, ಅಷ್ಟೇ.

ಕಾಂಕ್ರೀಟಿನಲ್ಲೂ ಹೀಗೇ. ಮೇಲಿನಿಂದ ಅದುಮಿದಾಗ ಪಿಲ್ಲರು ಕೂದಲೆಳೆಯಷ್ಟು ಗಿಡ್ಡವಾಗುತ್ತದೆ, ಜೊತೆಗೆ ಕೂದಲೆಳೆಯಷ್ಟು ಪಕ್ಕಕ್ಕೆ ಉಬ್ಬುತ್ತದೆ. ಭಾರ ಹೆಚ್ಚಾದಂತೆ ಒಳಗೆ ಸಣ್ಣ ಸೀಳುಗಳು ಹುಟ್ಟಿ ಉಬ್ಬು ಒಮ್ಮೆಲೇ ಜಾಸ್ತಿಯಾಗುತ್ತದೆ. ಕಾಂಕ್ರೀಟು ಪುಡಿಯಾಗುವುದು ಅಂದರೆ ಪಕ್ಕಕ್ಕೆ ಸೀಳಿಕೊಂಡು ಹೋಗುವುದೇ. ಆ ಉಬ್ಬನ್ನು ಸುತ್ತಲಿಂದ ತಡೆದರೆ ಅದೇ ಕಾಂಕ್ರೀಟು ಹೆಚ್ಚು ಭಾರ ಹೊರುತ್ತದೆ. ಮುರಿಯುವ ಮುನ್ನ ಹೆಚ್ಚು ಕುಗ್ಗುವುದನ್ನೂ ತಡೆದುಕೊಳ್ಳುತ್ತದೆ.

ಇದು ಹೊಸ ವಿಷಯವಲ್ಲ. 1928ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಿಚರ್ಟ್, ಬ್ರಾಂಟ್ಸೆಗ್ ಮತ್ತು ಬ್ರೌನ್ ಅನ್ನುವ ಮೂವರು ಕಾಂಕ್ರೀಟಿನ ತುಂಡುಗಳಿಗೆ ಪಕ್ಕದಿಂದ ಒತ್ತಡ ಕೊಟ್ಟು ಮೇಲಿನಿಂದ ಅದುಮಿ ನೋಡಿದರು. ಪಕ್ಕದ ಒತ್ತಡ ಎಷ್ಟು ಕೊಟ್ಟರೋ ಅದರ ಸುಮಾರು ನಾಲ್ಕು ಪಟ್ಟು ಬಲ ಕಾಂಕ್ರೀಟಿಗೆ ಹೆಚ್ಚಾಯಿತು. ಇಂದಿನ ಲೆಕ್ಕಾಚಾರಗಳ ಬೇರು ಅಲ್ಲೇ ಇದೆ.

ಮುಡಿಗೂ ಪಿಲ್ಲರಿಗೂ ಒಂದು ವ್ಯತ್ಯಾಸ ಇದೆ. ಮುಡಿಯ ಹಗ್ಗವನ್ನು ಮೊದಲೇ ಬಿಗಿದಿರುತ್ತಾರೆ. ಕಾರ್ಬನ್ ಬಟ್ಟೆಯನ್ನು ಹಾಗೆ ಬಿಗಿಯುವುದಿಲ್ಲ, ಅಂಟಿಸುತ್ತಾರೆ ಮಾತ್ರ. ಅಂಟಿಸಿದ ದಿನ ಅದು ಯಾವ ಕೆಲಸವನ್ನೂ ಮಾಡುತ್ತಿರುವುದಿಲ್ಲ. ಪಿಲ್ಲರು ಮತ್ತಷ್ಟು ಉಬ್ಬಲು ಹೊರಟಾಗ ಬಟ್ಟೆ ಎಳೆದುಕೊಂಡು ತಡೆಯುತ್ತದೆ. ಭೂಕಂಪದ ಒದೆತ ಬಂದಾಗ, ಅಥವಾ ಭಾರ ಹೆಚ್ಚಾಗಿ ಒಳಗಿನ ಕಾಂಕ್ರೀಟು ಸೋಲಲು ಶುರುವಾದಾಗ ಅದರ ನಿಜವಾದ ಕೆಲಸ ಕಾಣುವುದು.

## ಆ ಬಟ್ಟೆ ಯಾವುದು

ಎಫ್ಆರ್‌ಪಿ ಅಂದರೆ ನಾರು ಸೇರಿಸಿದ ಪಾಲಿಮರ್. ಎರಡು ವಸ್ತು ಸೇರಿ ಒಂದಾದದ್ದು. ನಾರು ಬಲ ಕೊಡುತ್ತದೆ. ಎಪಾಕ್ಸಿ ಅನ್ನುವ ಅಂಟು ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟು, ಪಿಲ್ಲರಿಗೂ ಅಂಟಿಸುತ್ತದೆ. ಪಿಲ್ಲರುಗಳಿಗೆ ಹೆಚ್ಚಾಗಿ ಬಳಸುವುದು ಕಾರ್ಬನ್ ನಾರು ಅಥವಾ ಗಾಜಿನ ನಾರು.

ಮನೆ ಕಟ್ಟುವ ಎಫ್ಇ 500 ಕಂಬಿ ಒಂದು ಚದರ ಮಿ.ಮೀ.ಗೆ 500 ನ್ಯೂಟನ್ (ಸುಮಾರು 50 ಕಿಲೋ ಭಾರದಷ್ಟು) ಎಳೆತಕ್ಕೆ ಹಿಗ್ಗಲು ಶುರುಮಾಡುತ್ತದೆ. ಸಾಮಾನ್ಯ ಕಾರ್ಬನ್ ನಾರು 3500ರಿಂದ 4900 ನ್ಯೂಟನ್‌ವರೆಗೆ ತಡೆಯುತ್ತದೆ. ತೂಕವೋ ಕಬ್ಬಿಣದ ಕಾಲು ಭಾಗಕ್ಕಿಂತ ಕಡಿಮೆ. ತುಕ್ಕಂತೂ ಹಿಡಿಯುವುದೇ ಇಲ್ಲ. ಗಾಜಿನ ನಾರು ಅಗ್ಗ, ಆದರೆ ಅಷ್ಟು ಬಿಗಿಯಲ್ಲ. ಒಂದೇ ಎಳೆತಕ್ಕೆ ಕಾರ್ಬನ್ನಿಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಹಾಗಾಗಿ ಪದರಗಳನ್ನು ಹೆಚ್ಚು ಹಾಕಬೇಕಾಗುತ್ತದೆ.

ನಾರುಗಳ ಒಂದು ಗುಣ ಮರೆಯಬಾರದು. ಕಬ್ಬಿಣ ಮುರಿಯುವ ಮುಂಚೆ ಹಿಗ್ಗಿ, ಬಾಗಿ ಸೂಚನೆ ಕೊಡುತ್ತದೆ. ನಾರು ಹಾಗಲ್ಲ, ಮಿತಿ ಮುಟ್ಟಿದರೆ ಪಟ್ಟನೆ ಹರಿಯುತ್ತದೆ. ಅದಕ್ಕೆ ಎಂಜಿನಿಯರುಗಳು ಅದರ ಪೂರ್ತಿ ಬಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕನ್ ಕಾಂಕ್ರೀಟ್ ಸಂಸ್ಥೆಯ ಎಸಿಐ 440.2ಆರ್ ಮಾರ್ಗಸೂಚಿಯಲ್ಲಿ, ಸುತ್ತಿದ ಬಟ್ಟೆ ಹಿಗ್ಗಬಲ್ಲಷ್ಟರಲ್ಲಿ ನೂರಕ್ಕೆ 55 ಪಾಲನ್ನು ಮಾತ್ರ ಬಳಸುತ್ತಾರೆ.

ಈ ವಿಧಾನ ಜಪಾನಿನಲ್ಲಿ 1980ರ ದಶಕದಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾದ 1989 ಮತ್ತು 1994ರ ಭೂಕಂಪಗಳು, ಜಪಾನಿನ ಕೋಬೆಯಲ್ಲಿ 1995ರಲ್ಲಿ ಆದ ಭೂಕಂಪ, ಇವುಗಳ ನಂತರ ಸೇತುವೆಯ ಕಂಬಗಳಿಗೆ ಸುತ್ತುವುದು ದೊಡ್ಡ ಪ್ರಮಾಣದಲ್ಲಿ ನಡೆಯಿತು. ನಮ್ಮಲ್ಲಿ ಹಳೆ ಕಟ್ಟಡಗಳನ್ನು ಭೂಕಂಪಕ್ಕೆ ಬಲಪಡಿಸುವ ಬಗ್ಗೆ ಐಎಸ್ 15988 ಮಾರ್ಗಸೂಚಿ 2013ರಿಂದ ಇದೆ.

## ದುಂಡು ಪಿಲ್ಲರು, ಚೌಕ ಪಿಲ್ಲರು, ಒಂಬತ್ತು-ಹದಿನೆಂಟರ ಪಿಲ್ಲರು

ಕೊಟೇಶನ್ನಿನಲ್ಲಿ ಯಾರೂ ಬರೆಯದ ವಿಷಯ ಇದು. ಬಟ್ಟೆಯ ಲಾಭ ಪಿಲ್ಲರಿನ ಆಕಾರದ ಮೇಲೆ ನಿಂತಿದೆ.

ದುಂಡು ಪಿಲ್ಲರು ಉಬ್ಬಿದಾಗ ಬಟ್ಟೆ ಎಲ್ಲ ಕಡೆಯಿಂದಲೂ ಒಂದೇ ಸಮ ಒತ್ತುತ್ತದೆ. ಚೌಕ ಪಿಲ್ಲರಿನಲ್ಲಿ ಹಾಗಾಗುವುದಿಲ್ಲ. ಬಟ್ಟೆಗೆ ಅಡ್ಡಕ್ಕೆ ಬಾಗುವ ಗಟ್ಟಿತನ ಇಲ್ಲ. ಚಪ್ಪಟೆ ಬದಿ ಉಬ್ಬಿದರೆ ಅದೂ ಜೊತೆಗೇ ಉಬ್ಬುತ್ತದೆ. ಅದು ಗಟ್ಟಿಯಾಗಿ ಹಿಡಿಯುವುದು ನಾಲ್ಕು ಮೂಲೆಗಳಲ್ಲಿ ಮಾತ್ರ. ಬದಿಗಳ ನಡುವಿನ ಕಾಂಕ್ರೀಟಿನ ಒಂದಷ್ಟು ಭಾಗ ಹಿಡಿತಕ್ಕೆ ಸಿಗದೆ ಉಳಿಯುತ್ತದೆ. ಪಿಲ್ಲರು ಉದ್ದುದ್ದ ಆಯತವಾಗಿದ್ದರೆ ಇನ್ನೂ ಕಷ್ಟ.

ಎಷ್ಟು ವ್ಯತ್ಯಾಸ ಅಂತ ನೋಡೋಣ. ಎಸಿಐ ಸೂತ್ರ ಹಿಡಿದು ಒಂದು ಅಂದಾಜು ಲೆಕ್ಕ ಮಾಡಿದ್ದೇನೆ. ಒಟ್ಟು 0.33 ಮಿ.ಮೀ. ದಪ್ಪದ ಕಾರ್ಬನ್ ಬಟ್ಟೆ, ಸಾವಿರಕ್ಕೆ ಆರರಷ್ಟು ಹಿಗ್ಗುತ್ತದೆ ಅಂತ ಇಟ್ಟುಕೊಳ್ಳಿ. 300 ಮಿ.ಮೀ. ವ್ಯಾಸದ ದುಂಡು ಪಿಲ್ಲರಿಗೆ ಇದನ್ನು ಸುತ್ತಿದರೆ ಕಾಂಕ್ರೀಟಿನ ಬಲ ಒಂದು ಚದರ ಮಿ.ಮೀ.ಗೆ ಸುಮಾರು 10 ನ್ಯೂಟನ್ ಏರುತ್ತದೆ. ಹಳೆ ಕಟ್ಟಡಗಳ ಕಾಂಕ್ರೀಟು ಹೆಚ್ಚಾಗಿ 15ರಿಂದ 20 ನ್ಯೂಟನ್ನಿನದು. ಅದಕ್ಕೆ 10 ಸೇರುವುದು ದೊಡ್ಡ ಲಾಭ. ಮೂಲೆಗಳನ್ನು 25 ಮಿ.ಮೀ. ದುಂಡಗೆ ಮಾಡಿದ 300 ಮಿ.ಮೀ. ಚೌಕ ಪಿಲ್ಲರಿಗೆ ಅದೇ ಬಟ್ಟೆ ಸುತ್ತಿದರೆ ಸೇರುವುದು 4 ನ್ಯೂಟನ್ನಿಗಿಂತ ಸ್ವಲ್ಪ ಕಡಿಮೆ. ನಮ್ಮ ಮನೆ, ಫ್ಲ್ಯಾಟುಗಳಲ್ಲಿ ಗೋಡೆಯ ಒಳಗೆ ಅಡಗಲಿ ಅಂತ ಹಾಕುವ ಒಂಬತ್ತು ಇಂಚು-ಹದಿನೆಂಟು ಇಂಚಿನ ಪಿಲ್ಲರಿಗೆ? ಒಂದು ನ್ಯೂಟನ್ ಕೂಡ ಇಲ್ಲ.

ಅಷ್ಟೇ ಬಟ್ಟೆ, ಅದೇ ಅಂಟು. ಚದರ ಅಡಿಯ ದರವೂ ಅದೇ.

ಹಾಗಂತ ಆಯತದ ಪಿಲ್ಲರಿಗೆ ಸುತ್ತುವುದು ಪೂರ್ತಿ ವ್ಯರ್ಥ ಅಂತಲ್ಲ. ಭೂಕಂಪದಲ್ಲಿ ಅಡ್ಡಕ್ಕೆ ಕತ್ತರಿಸುವ ಬಲವನ್ನು ತಡೆಯಲು, ತುಕ್ಕು ತಿಂದ ರಿಂಗುಗಳ ಕೊರತೆ ತುಂಬಲು ಅದು ಉಪಯೋಗ. ಆದರೆ ‘ಭಾರ ಹೊರುವ ಶಕ್ತಿ ಹೆಚ್ಚಾಗುತ್ತದೆ’ ಅಂತ ಹೇಳಿ ಸುತ್ತುತ್ತಿದ್ದರೆ ಲೆಕ್ಕ ಕೇಳಲೇಬೇಕು. ಭಾರವೇ ಹೆಚ್ಚಾಗಿ ಹೊರಬೇಕಿದ್ದರೆ ಮೊದಲು ಕಾಂಕ್ರೀಟು ಸೇರಿಸಿ ಪಿಲ್ಲರನ್ನು ದುಂಡಗೆ ಅಥವಾ ಮೊಟ್ಟೆಯಾಕಾರಕ್ಕೆ ತಂದು ಆಮೇಲೆ ಸುತ್ತಬಹುದು. ಇಲ್ಲವೇ ಬೇರೆ ವಿಧಾನಕ್ಕೆ ಹೋಗಬಹುದು.

ಮೂಲೆ ದುಂಡಗೆ ಮಾಡುವುದು ಯಾವ ಪಿಲ್ಲರಿಗೂ ಕಡ್ಡಾಯ. ಎಸಿಐ ಕನಿಷ್ಠ 13 ಮಿ.ಮೀ. ತ್ರಿಜ್ಯ ಕೇಳುತ್ತದೆ. ಚೂಪು ಮೂಲೆಯ ಮೇಲೆ ಎಳೆದ ನಾರು ಅಲ್ಲೇ ಹರಿಯುತ್ತದೆ. ಆದರೆ ಕವರ್ ಕಡಿಮೆ ಇರುವ ಹಳೆ ಪಿಲ್ಲರಿನಲ್ಲಿ ಮೂಲೆ ಉಜ್ಜಲು ಹೋದರೆ ಕಂಬಿಯೇ ಸಿಗುತ್ತದೆ. ಅಂಥ ಕಡೆ ಗಾರೆ ಸೇರಿಸಿ ದುಂಡಗೆ ಮಾಡಬೇಕು.

## ಸುತ್ತುವ ಮೊದಲು ಆಗಬೇಕಾದ ಕೆಲಸ

ಬಟ್ಟೆ ಸುತ್ತುವುದು ಈ ರಿಪೇರಿಯ ಕೊನೆಯ ಹಂತ. ಅದಕ್ಕಿಂತ ಮೊದಲಿನ ಹಂತಗಳಲ್ಲೇ ಹೆಚ್ಚು ಶ್ರಮ, ಧೂಳು, ಸದ್ದು ಇರುವುದು. ತುಕ್ಕಿನ ಪಿಲ್ಲರು ಉಳಿಯುವುದೂ ಅವುಗಳಿಂದಲೇ.

ಮೊದಲು ತಪಾಸಣೆ. ಸುತ್ತಿಗೆಯಿಂದ ತಟ್ಟಿ ನೋಡುವುದು. ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟುಕೊಂಡಿದೆ ಅಂತ ಅರ್ಥ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫೀನಾಲ್ಫ್ತಲೀನ್ ದ್ರಾವಣ ಹಾಕಿದರೆ ಕ್ಷಾರ ಇರುವ ಕಡೆ ಗುಲಾಬಿ ಬಣ್ಣ ಬರುತ್ತದೆ, ಕಾರ್ಬೊನೇಶನ್ ಆದ ಕಡೆ ಬಣ್ಣ ಬರುವುದಿಲ್ಲ. ಕಂಬಿಯವರೆಗೂ ಗುಲಾಬಿ ಇಲ್ಲದಿದ್ದರೆ ರಕ್ಷಣೆ ಹೋಗಿದೆ. ಉಪ್ಪು ಇದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಬೇರೆ ಆಳದಿಂದ ಪುಡಿ ಕೊರೆದು ಲ್ಯಾಬಿಗೆ ಕಳಿಸಬೇಕು. ಹಾಫ್ ಸೆಲ್ ಅನ್ನುವ ಇನ್ನೊಂದು ಪರೀಕ್ಷೆ ಕಂಬಿಯ ವಿದ್ಯುತ್ ವಿಭವವನ್ನು ಅಳೆಯುತ್ತದೆ. ತಾಮ್ರ-ತಾಮ್ರದ ಸಲ್ಫೇಟ್ ಮಾಪಕದಲ್ಲಿ ಮೈನಸ್ 350 ಮಿಲಿವೋಲ್ಟಿಗಿಂತಲೂ ಕೆಳಗಿದ್ದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಾಧ್ಯತೆ ನೂರಕ್ಕೆ 90ಕ್ಕಿಂತ ಹೆಚ್ಚು ಅಂತ ಲೆಕ್ಕ.

ಆಮೇಲೆ ಆಧಾರ. ಪಿಲ್ಲರು ಭಾರ ಹೊತ್ತುಕೊಂಡೇ ಇರುತ್ತದೆ. ಅದರ ಮೈಯಿಂದ ಕಾಂಕ್ರೀಟು ಒಡೆದು ತೆಗೆಯುವುದೆಂದರೆ ಅಷ್ಟು ಹೊತ್ತು ಅದನ್ನು ಇನ್ನೂ ದುರ್ಬಲ ಮಾಡಿದಂತೆ. ಅಕ್ಕಪಕ್ಕದ ಬೀಮುಗಳಿಗೆ ಉಕ್ಕಿನ ಪ್ರಾಪ್ ಕೊಟ್ಟು, ಒಂದು ಪಿಲ್ಲರು ಮುಗಿಸಿಯೇ ಇನ್ನೊಂದಕ್ಕೆ ಹೋಗಬೇಕು. ಪ್ರಾಪ್ ಇಲ್ಲದೆ ನಾಲ್ಕು ಪಿಲ್ಲರುಗಳನ್ನು ಒಟ್ಟಿಗೆ ಒಡೆಯುತ್ತಿದ್ದರೆ ಆ ಕ್ಷಣವೇ ನಿಲ್ಲಿಸಿ. ಆಧಾರಕ್ಕೆ ಇನ್ನೊಂದು ಕಾರಣವೂ ಇದೆ. ಭಾರ ಇಳಿಸದೆ ಹೊಸ ಗಾರೆ ತುಂಬಿದರೆ ಹಳೆ ಭಾರವೆಲ್ಲ ಹಳೆ ಕಾಂಕ್ರೀಟಿನ ಮೇಲೇ ಉಳಿಯುತ್ತದೆ. ಹೊಸದು ಸುಮ್ನೆ ಜಾಗ ತುಂಬಿಕೊಂಡು ನಿಂತಿರುತ್ತದೆ.

ಸಡಿಲ ಕಾಂಕ್ರೀಟು, ಉಪ್ಪು ತುಂಬಿದ ಕಾಂಕ್ರೀಟು ಎರಡನ್ನೂ ತೆಗೆಯಬೇಕು. ಕಂಬಿಯ ಮುಂಭಾಗ ಕಂಡರೆ ಸಾಲದು. ಕಂಬಿಯ ಹಿಂದೆಯೂ ಬೆರಳು ತೂರುವಷ್ಟು, ಅಂದರೆ ಸುಮಾರು 20 ಮಿ.ಮೀ. ಜಾಗ ಬೇಕು. ಆಗ ಮಾತ್ರ ಕಂಬಿಯ ಸುತ್ತಲೂ ತುಕ್ಕು ಉಜ್ಜಿ ತೆಗೆದು, ತುಕ್ಕು ತಡೆಯುವ ಲೇಪ ಹಚ್ಚಿ, ಹೊಸ ಗಾರೆ ಹಿಡಿಯುವಂತೆ ಮಾಡಬಹುದು. ಕಂಬಿ ತುಂಬಾ ಸವೆದಿದ್ದರೆ ಎಂಜಿನಿಯರು ಹೇಳಿದಷ್ಟು ಹೊಸ ಕಂಬಿ ಜೋಡಿಸಬೇಕು. ಅಡ್ಡಕ್ಕೆ ಸುತ್ತಿದ ಬಟ್ಟೆ ಕಳೆದುಹೋದ ರಿಂಗಿನ ಕೆಲಸ ಮಾಡುತ್ತದೆ, ಕಳೆದುಹೋದ ನೆಟ್ಟ ಕಂಬಿಯ ಕೆಲಸ ಮಾಡುವುದಿಲ್ಲ.

ಕೊನೆಗೆ ಪಾಲಿಮರ್ ಸೇರಿಸಿದ ಗಾರೆಯನ್ನೋ ಮೈಕ್ರೋ ಕಾಂಕ್ರೀಟನ್ನೋ (ಸಂದುಗಳಿಗೆ ಸಲೀಸಾಗಿ ಹರಿಯುವ ಸಣ್ಣ ಜಲ್ಲಿಯ ಕಾಂಕ್ರೀಟು) ತುಂಬಿ, ಕ್ಯೂರಿಂಗ್ ಮಾಡಿ, ಚೆನ್ನಾಗಿ ಒಣಗಲು ಬಿಡಬೇಕು. ಕರಾವಳಿಯ ಆಷಾಢದಲ್ಲಿ ಈ ಕೆಲಸ ಇಟ್ಟುಕೊಳ್ಳದಿರುವುದೇ ಒಳ್ಳೆಯದು.

## ಸುತ್ತುವ ದಿನ

ಗಾರೆಯ ಮೈಯನ್ನು ಗ್ರೈಂಡರಿನಿಂದ ಉಜ್ಜಿ ಧೂಳು ತೆಗೆಯುತ್ತಾರೆ. ಎಪಾಕ್ಸಿ ಪ್ರೈಮರ್ ಹಚ್ಚುತ್ತಾರೆ. ಕುಳಿಗಳಿಗೆ ಎಪಾಕ್ಸಿ ಪುಟ್ಟಿ ತುಂಬುತ್ತಾರೆ. ಬಟ್ಟೆಯನ್ನು ಅಂಟಿನಲ್ಲಿ ಪೂರ್ತಿ ನೆನೆಸಿ, ನಾರು ಅಡ್ಡಕ್ಕೆ ಬರುವಂತೆ ಸುತ್ತುತ್ತಾರೆ. ಹಲ್ಲಿರುವ ರೋಲರಿನಿಂದ ಒತ್ತಿ ಗಾಳಿಗುಳ್ಳೆ ಹೊರಗೆ ಹಾಕುತ್ತಾರೆ. ಬಟ್ಟೆಯ ತುದಿ ತನ್ನದೇ ಮೇಲೆ ಸಾಕಷ್ಟು ಕೂರಬೇಕು, ಸಾಮಾನ್ಯವಾಗಿ 150ರಿಂದ 200 ಮಿ.ಮೀ. ಈ ಅತಿಹೊದಿಕೆ ಕಡಿಮೆಯಾದರೆ ಬಟ್ಟೆ ಹರಿಯುವ ಮೊದಲೇ ತುದಿ ಬಿಚ್ಚಿಕೊಳ್ಳುತ್ತದೆ. ಕೊನೆಯ ಪದರ ಹಸಿ ಇರುವಾಗಲೇ ಒಣ ಮರಳು ಎರಚಿದರೆ ಮುಂದೆ ಗಾರೆ, ಬಣ್ಣ ಹಿಡಿಯುತ್ತದೆ.

ತೇವ ಎಪಾಕ್ಸಿಯ ಶತ್ರು. ಪಿಲ್ಲರಿನ ಮೈ ಬೆವರುವಂಥ ಹವೆಯಲ್ಲಿ ಅಂಟಿಸಬಾರದು. ಮೈಯ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು ಅನ್ನುವುದು ಈ ಕೆಲಸದ ನಿಯಮ. ಗಟ್ಟಿಯಾದ ಮೇಲೆ ನಾಣ್ಯದಿಂದ ತಟ್ಟಿ ಟೊಳ್ಳು ಹುಡುಕುತ್ತಾರೆ. ಒಂದು ಲೋಹದ ಬಿಲ್ಲೆ ಅಂಟಿಸಿ ಎಳೆದು ನೋಡುವ ಪರೀಕ್ಷೆಯೂ ಇದೆ. ಒಂದು ಚದರ ಮಿ.ಮೀ.ಗೆ ಕನಿಷ್ಠ 1.4 ನ್ಯೂಟನ್ ತಡೆಯಬೇಕು, ಕಿತ್ತು ಬಂದರೆ ಕಾಂಕ್ರೀಟಿನ ಸಮೇತ ಬರಬೇಕು. ಅಂಟು ಮಾತ್ರ ಬಿಟ್ಟುಕೊಂಡರೆ ಕೆಲಸ ಸರಿಯಾಗಿಲ್ಲ.

ಇನ್ನೊಂದು ಸೂಕ್ಷ್ಮ. ಕಾರ್ಬನ್ ನಾರು ವಿದ್ಯುತ್ ಹರಿಯಬಿಡುತ್ತದೆ. ಅದು ನೇರವಾಗಿ ಕಂಬಿಗೆ ತಾಗಿದ್ದು, ತೇವವೂ ಇದ್ದರೆ ಕಂಬಿ ಇನ್ನೂ ಬೇಗ ಸವೆಯುತ್ತದೆ. ಕಂಬಿ ಹೊರಗೆ ಇಣುಕುವ ಕಡೆ ಗಾರೆ ತುಂಬಿ ಮುಚ್ಚಬೇಕು, ಇಲ್ಲವೇ ಗಾಜಿನ ನಾರಿನ ಒಂದು ಪದರ ನಡುವೆ ಹಾಕಬೇಕು.

## ಹಾಗಾದರೆ ತುಕ್ಕು ನಿಲ್ಲುತ್ತದಾ

ನಿಧಾನವಾಗುತ್ತದೆ. ಒಳಗೆ ಉಪ್ಪು ಬಿಟ್ಟು ಮೇಲೆ ಸುತ್ತಿದ್ದರೆ ನಿಂತೇಬಿಟ್ಟಿತು ಅನ್ನುವಂತಿಲ್ಲ.

ತುಕ್ಕಿಗೆ ನೀರು ಮತ್ತು ಆಮ್ಲಜನಕ ಎರಡೂ ಬೇಕು. ಎಪಾಕ್ಸಿಯಲ್ಲಿ ನೆನೆದ ಬಟ್ಟೆ ಇವೆರಡೂ ಹೊರಗಿನಿಂದ ಬರುವುದನ್ನು ಬಹಳ ಕಡಿಮೆ ಮಾಡುತ್ತದೆ, ಹೊಸ ಉಪ್ಪನ್ನೂ ತಡೆಯುತ್ತದೆ. ಕೆನಡಾದ ಟೊರಾಂಟೊದಲ್ಲಿ ಹೈವೇ 401ರ ಒಂದು ಸೇತುವೆಯ ಕಂಬಗಳು ಇದಕ್ಕೆ ಒಳ್ಳೆ ಉದಾಹರಣೆ. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಸೋರಿ ಕಂಬಗಳ ಕಂಬಿ ತುಕ್ಕು ಹಿಡಿದಿತ್ತು. 1990ರ ದಶಕದ ನಡುವಿನಲ್ಲಿ ಅವನ್ನು ರಿಪೇರಿ ಮಾಡಿ ಗಾಜಿನ ನಾರು ಸುತ್ತಿದರು. ಟೊರಾಂಟೊ ವಿಶ್ವವಿದ್ಯಾಲಯದವರು ಉಪಕರಣ ಇಟ್ಟು ವರ್ಷಗಟ್ಟಲೆ ಗಮನಿಸಿದಾಗ ತುಕ್ಕಿನ ಚಟುವಟಿಕೆ ಹೆಚ್ಚದೆ, ಇಳಿಮುಖವಾಗಿಯೇ ಕಂಡಿತು.

ಆದರೆ ನೀರು ಬರಲು ಹೊರಮೈಯೊಂದೇ ದಾರಿಯಲ್ಲ. ನಮ್ಮ ಪಾರ್ಕಿಂಗ್ ಪಿಲ್ಲರುಗಳು ನೆಲದ ತೇವವನ್ನು ಕೆಳಗಿನಿಂದ ಹೀರುತ್ತವೆ. ಮೇಲಿನ ಬಾತ್‌ರೂಮಿನ ಪೈಪು ಸೋರಿ ಬೀಮಿನ ಮೂಲಕ ಪಿಲ್ಲರಿನೊಳಗೆ ಇಳಿಯುತ್ತದೆ. ಸುತ್ತಿದ ಬಟ್ಟೆ ಅಂಥ ನೀರನ್ನು ಒಳಗೇ ಹಿಡಿದಿಡುತ್ತದೆ. ನೆಲಮಟ್ಟದಿಂದ ಮೇಲೆ ಮಾತ್ರ ಸುತ್ತಿ, ಮಣ್ಣಿನೊಳಗೆ ಹೂತ ಒಂದೆರಡು ಅಡಿಯನ್ನು ಹಾಗೇ ಬಿಟ್ಟರೆ ಅತಿ ಹೆಚ್ಚು ತುಕ್ಕು ಹಿಡಿಯುವ ಜಾಗವೇ ಬಿಟ್ಟುಹೋಯಿತು. ಹಾಗಾಗಿ ಪೈಪಿನ ಸೋರಿಕೆ ನಿಲ್ಲಿಸುವುದು, ಪಿಲ್ಲರಿನ ಬುಡ ಅಗೆದು ನೋಡುವುದು ಕೂಡ ಪಿಲ್ಲರ್ ರಿಪೇರಿಯ ಲೆಕ್ಕಕ್ಕೇ ಸೇರಬೇಕು.

ತೇಪೆ ಹಾಕಿದ ರಿಪೇರಿಯಲ್ಲಿ ಇನ್ನೊಂದು ತೊಂದರೆ ಕಾಣುತ್ತದೆ. ಹೊಸ ಗಾರೆ ಹಾಕಿದ ಕಡೆ ಕಂಬಿ ಚೆನ್ನಾಗಿರುತ್ತದೆ. ಅದರ ಅಂಚಿನಾಚೆ, ಉಪ್ಪು ಉಳಿದ ಹಳೆ ಕಾಂಕ್ರೀಟಿನಲ್ಲಿ ತುಕ್ಕು ಮೊದಲಿಗಿಂತ ಜೋರಾಗುತ್ತದೆ. ಉಪ್ಪು ಹೆಚ್ಚಿರುವ ಕಟ್ಟಡಗಳಲ್ಲಿ ಸತುವಿನ ತುಂಡುಗಳನ್ನು ಕಂಬಿಗೆ ಕಟ್ಟಿ ಗಾರೆಯೊಳಗೆ ಹೂಳುವುದು ಇದಕ್ಕೇ. ಕಂಬಿಯ ಬದಲು ಸತು ಸವೆಯುತ್ತದೆ.

## ಬೆಂಕಿಯ ಪ್ರಶ್ನೆ

ಪಾರ್ಕಿಂಗ್ ಜಾಗದಲ್ಲಿ ಪೆಟ್ರೋಲ್ ಗಾಡಿಗಳಿರುತ್ತವೆ, ಬ್ಯಾಟರಿ ಗಾಡಿಗಳ ಚಾರ್ಜಿಂಗೂ ನಡೆಯುತ್ತದೆ. ಅಲ್ಲಿ ಈ ಪ್ರಶ್ನೆ ಕೇಳದೆ ಬಿಡಬಾರದು. ಕಾರ್ಬನ್ ನಾರು ಬಿಸಿ ತಡೆಯುತ್ತದೆ, ಎಪಾಕ್ಸಿ ತಡೆಯುವುದಿಲ್ಲ. ಸೈಟಿನಲ್ಲೇ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿ 60ರಿಂದ 82 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ಮೆತ್ತಗಾಗಲು ಶುರುವಾಗುತ್ತದೆ. ನಿಜವಾದ ಬೆಂಕಿಯಲ್ಲಿ ಬಟ್ಟೆಯ ಸಹಾಯ ಸಿಗುವುದಿಲ್ಲ ಅಂತಲೇ ಲೆಕ್ಕ ಹಾಕಬೇಕು.

ಅದಕ್ಕೆ ಎಸಿಐ ಒಂದು ಮಿತಿ ಹಾಕಿದೆ. ಬಟ್ಟೆ ಇಲ್ಲದೆಯೂ ಪಿಲ್ಲರು ಕಟ್ಟಡದ ಸ್ವಂತ ತೂಕದ 1.1 ಪಟ್ಟು ಮತ್ತು ಜನ, ಸಾಮಾನುಗಳ ಭಾರದ 0.75 ಪಟ್ಟನ್ನು ಸೇರಿಸಿ ಹೊರುವಂತಿರಬೇಕು. ಅಷ್ಟೂ ಹೊರಲಾರದ ಪಿಲ್ಲರನ್ನು ಬರೀ ಬಟ್ಟೆಯ ನಂಬಿಕೆಯ ಮೇಲೆ ನಿಲ್ಲಿಸಬಾರದು. ಬೆಂಕಿಯಲ್ಲಿ, ಗಾಡಿ ಗುದ್ದಿದಾಗ, ಯಾರೋ ಗೊತ್ತಿಲ್ಲದೆ ಬಟ್ಟೆ ಕೊಯ್ದಾಗ ಕಟ್ಟಡ ನಿಲ್ಲಬೇಕಲ್ವಾ.

## ಬೇರೆ ದಾರಿ ಯಾವುದು

ತುಂಬಾ ಸವೆದ ಪಿಲ್ಲರಿಗೆ, ಉದ್ದುದ್ದ ಆಯತದ ಪಿಲ್ಲರಿಗೆ ಕಾಂಕ್ರೀಟ್ ಜಾಕೆಟಿಂಗ್ ಹೆಚ್ಚು ಹೊಂದುತ್ತದೆ. ಸುತ್ತಲೂ ಹೊಸ ಕಂಬಿ, ರಿಂಗ್ ಕಟ್ಟಿ ಪ್ರತಿ ಬದಿಗೂ ಸುಮಾರು 100 ಮಿ.ಮೀ. ಕಾಂಕ್ರೀಟು ಹಾಕುವುದು. ಒಂಬತ್ತು ಇಂಚಿನ ಪಿಲ್ಲರು ಹದಿನೇಳು ಇಂಚಾಗುತ್ತದೆ, ಗಾಡಿ ನಿಲ್ಲಿಸುವ ಜಾಗ ಕಡಿಮೆಯಾಗುತ್ತದೆ, ತೂಕ ಹೆಚ್ಚುತ್ತದೆ, ಕೆಲಸ ವಾರಗಟ್ಟಲೆ ನಡೆಯುತ್ತದೆ. ಆದರೆ ಬೆಂಕಿಗೆ ಹೆದರಬೇಕಿಲ್ಲ, ನಮ್ಮ ಮೇಸ್ತ್ರಿಗಳಿಗೆ ಪರಿಚಯದ ಕೆಲಸ. ಉಕ್ಕಿನ ತಗಡು, ಆಂಗಲ್ ಕಟ್ಟುವ ವಿಧಾನವೂ ಇದೆ. ಕಡಲ ಬದಿಯಲ್ಲಿ ಆ ಉಕ್ಕನ್ನೂ ತುಕ್ಕಿನಿಂದ ಕಾಯಬೇಕಾಗುತ್ತದೆ. ಕಾರ್ಬನ್ ಸುತ್ತುವುದರ ಲಾಭ ದಪ್ಪವೂ ತೂಕವೂ ಹೆಚ್ಚದಿರುವುದು, ಬೇಗ ಮುಗಿಯುವುದು. ಒಳಗಿನ ಕಾಂಕ್ರೀಟು ಇನ್ನೂ ಚೆನ್ನಾಗಿದ್ದು, ರಿಂಗು ಸವೆದ ದುಂಡು ಅಥವಾ ಚೌಕ ಪಿಲ್ಲರು ಅದಕ್ಕೆ ಸರಿಯಾದ ಜಾಗ.

## ಸುತ್ತಿದ ಮೇಲೆ

ಬಿಸಿಲಿನ ಅತಿನೇರಳೆ ಕಿರಣ ಎಪಾಕ್ಸಿಯನ್ನು ಹಾಳುಮಾಡುತ್ತದೆ. ಬಟ್ಟೆಯ ಮೇಲೆ ಗಾರೆಯೋ ತಕ್ಕ ಬಣ್ಣವೋ ಇರಲೇಬೇಕು. ಸಿಸಿ ಕ್ಯಾಮೆರಾ, ಟ್ಯೂಬ್‌ಲೈಟು, ಪೈಪಿನ ಕ್ಲಿಪ್ಪು ಹಾಕಲು ಆ ಪಿಲ್ಲರಿಗೆ ಡ್ರಿಲ್ ಮಾಡಬಾರದು. ಒಂದು ತೂತು ಬಿದ್ದರೆ ಅಷ್ಟು ನಾರು ತುಂಡಾಯಿತು, ನೀರಿಗೆ ದಾರಿಯೂ ಆಯಿತು. ಎಲೆಕ್ಟ್ರಿಶಿಯನ್ನಿಗೆ ಇದು ಗೊತ್ತಿರುವುದಿಲ್ಲ, ಪಿಲ್ಲರಿನ ಮೇಲೆಯೇ ಬರೆದಿಟ್ಟರೆ ಒಳ್ಳೆಯದು. ಗಾಡಿ ತಾಗುವ ಎತ್ತರದಲ್ಲಿ ರಬ್ಬರ್ ಪಟ್ಟಿ ಕಟ್ಟಿಸಿ.

ಸುತ್ತಿದ ಪಿಲ್ಲರಿನಲ್ಲಿ ಬಿರುಕು ಹೊರಗೆ ಕಾಣುವುದಿಲ್ಲ. ಹಾಗಾಗಿ ಪ್ರತಿ ಮಳೆಗಾಲದ ನಂತರ ಬೇರೆ ಸೂಚನೆಗಳನ್ನು ಹುಡುಕಬೇಕು: ಬುಡದಲ್ಲೋ ತುದಿಯಲ್ಲೋ ಬಟ್ಟೆ ಎದ್ದಿರುವುದು, ಕಂದು ನೀರಿನ ಕಲೆ, ತಟ್ಟಿದರೆ ಟೊಳ್ಳು ಸದ್ದು, ಪಿಲ್ಲರು ಸೇರುವ ಬೀಮಿನಲ್ಲಿ ಹೊಸ ಬಿರುಕು. ಕೆಲಸ ಶುರುವಾಗುವ ಮೊದಲೇ ಉಪ್ಪು ಮತ್ತು ಕಾರ್ಬೊನೇಶನ್ ಪರೀಕ್ಷೆಯ ವರದಿ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಲೆಕ್ಕ, ಬಳಸುವ ಬಟ್ಟೆ ಮತ್ತು ಎಪಾಕ್ಸಿಯ ವಿವರದ ಹಾಳೆ ಕೇಳಿ ಪಡೆದುಕೊಳ್ಳಿ. ಒಡೆದ ಮೇಲೆ, ಗಾರೆ ತುಂಬುವ ಮೊದಲು, ಪ್ರತಿ ಪಿಲ್ಲರಿನ ಕಂಬಿಯ ಫೋಟೋ ತೆಗೆದು ಸಂಘದ ಫೈಲಿನಲ್ಲಿಡಿ. ಹತ್ತು ವರ್ಷದ ನಂತರ ಬರುವ ಎಂಜಿನಿಯರಿಗೆ ಆ ಬಟ್ಟೆಯ ಹಿಂದೆ ಏನಿದೆ ಅಂತ ತಿಳಿಯಲು ಅದೇ ಆಧಾರ.